ಬ್ಲೀಚಕ್ಕನ ಮನೆಗೆ ಬಂದ ಹಲ್ಲಿ

ತಂಗಿಯ ಗಂಡ ಒಳಗೆ ಬಂದು ಕೂರಲೂ ಇಲ್ಲ. ಕಾರಿನ ಇಂಜಿನ್ ಆರಿಸದೆ, ಎರಡು ಚೀಲ, ಒಂದು ಗಾಜಿನ ಪೆಟ್ಟಿಗೆ, ಜೊತೆಗೆ ಹೆತ್ತ ಮಗಳು, ಇಷ್ಟನ್ನೂ ಹೊಸ್ತಿಲ ಹತ್ತಿರ ಇಳಿಸಿದ.

“ಅಕ್ಕಾ, ಸ್ವಲ್ಪ ದಿನ ಇಟ್ಕೊಳ್ಳಿ. ಹೊಂದಿಕೊಂಡ್ರೆ ಸರಿ. ಇಲ್ಲಾಂದ್ರೆ ರಜೆ ಮುಗಿಯೋ ಹೊತ್ತಿಗೆ ಹಾಸ್ಟೆಲ್‌ಗೆ ಸೇರಿಸ್ತೀನಿ,” ಅಂದ.

ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಕಿವಿಯೇ ಇಲ್ಲವೇನೋ ಅನ್ನುವ ಹಾಗೆ ಅಂದ. ಬ್ಲೀಚಕ್ಕನಿಗೆ ಅಲ್ಲೇ ಪಿತ್ತ ನೆತ್ತಿಗೇರಿತು. ಆದರೂ ತಂಗಿಯ ಗಂಡನಿಗೆ ಬಹುವಚನ ಕೊಟ್ಟು ಪಳಗಿದ ನಾಲಿಗೆ “ಸರಿ, ಹೋಗಿ ಬನ್ನಿ” ಅಂದುಬಿಟ್ಟಿತು. ಕಾರು ತಿರುವು ದಾಟಿದ ಮೇಲೆ ಅವನನ್ನು ಬೈದಳು, ಜೊತೆಗೆ ತನ್ನ ನಾಲಿಗೆಯನ್ನೂ ಬೈದಳು.

ಬ್ಲೀಚಕ್ಕ ಅನ್ನುವುದು ಅವಳ ಹೆಸರಲ್ಲ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ ಅವಳಿಗೆ ಸಿಕ್ಕ ಬಿರುದು. ಮೇಲಿನ ವಾರ್ಡುಗಳಿಂದ ರಕ್ತ, ಕೀವು, ಟಿಂಚರ್, ಇನ್ನೂ ಹೇಳಬಾರದ್ದೆಲ್ಲ ಮೆತ್ತಿಕೊಂಡು ಬರುವ ಹಾಸಿಗೆ ಬಟ್ಟೆಗಳನ್ನು ವಿಂಗಡಿಸಿ, ನೆನೆಸಿ, ಒಗೆದು, ಉಗಿ ಇಸ್ತ್ರಿ ಹಾಯಿಸಿ, ಹಾಲಿನಷ್ಟು ಬೆಳ್ಳಗೆ ಮಾಡಿ ವಾಪಸು ಕಳಿಸುವುದು ಅವಳ ಕಸುಬು. ಯಾರ ಕೈಯಲ್ಲೂ ಹೋಗದ ಕಲೆ ಅವಳ ಕೈಯಲ್ಲಿ ಹೋಗುತ್ತದೆ ಅನ್ನುವ ಹೆಸರಿದೆ, ಆ ಹೆಸರಿನ ಜಂಬವೂ ಇದೆ. ಮದುವೆಯ ಗೋಜಿಗೆ ಹೋದವಳಲ್ಲ. ಯಾಕೆ ಅಂತ ಕೇಳಿದರೆ, “ಗಂಡಸರ ಶರ್ಟಿನ ಕಾಲರ್ ನೋಡಿದವಳು ನಾನು” ಅಂತ ಬಾಯಿ ಮುಚ್ಚಿಸುತ್ತಾಳೆ. ಅವಳ ಎರಡು ಕೋಣೆಯ ಮನೆಯಲ್ಲಿ ಯಾರಾದರೂ ಸೋಫಾದಿಂದ ಎದ್ದರೆ ಅದರ ಕವರು ನೇರ ಯಂತ್ರಕ್ಕೆ ಹೋಗುತ್ತದೆ. ಹಾಗಾಗಿ ಬಂದವರು ತುದಿಯಲ್ಲಿ ಕೂತು ಬೇಗ ಎದ್ದು ಹೋಗುತ್ತಾರೆ.

ತಂಗಿ ತೀರಿಕೊಂಡು ವರ್ಷದ ಮೇಲಾಗಿತ್ತು. “ಹುಡುಗಿ ನನ್ನ ಹತ್ರ ಇರ್ಲಿ” ಅಂತ ಬ್ಲೀಚಕ್ಕ ಆವತ್ತೇ ಕೇಳಿದ್ದಳು. “ನೀವೊಬ್ರೇ, ಅದರ ಮೇಲೆ ಶಿಫ್ಟ್ ಕೆಲಸ” ಅಂತ ಅವನು ತಳ್ಳಿಹಾಕಿದ್ದ. ಆಮೇಲೆ ಹುಡುಗಿ ಅಜ್ಜಿಯ ಮನೆಯಲ್ಲಿದ್ದಳು, ಚಿಕ್ಕಪ್ಪನ ಮನೆಯಲ್ಲಿದ್ದಳು, ಕೊನೆಗೆ ಅಪ್ಪನ ಸ್ನೇಹಿತನೊಬ್ಬನ ಮನೆಯಲ್ಲೂ ಇದ್ದಳು. ಎಲ್ಲ ಬಾಗಿಲೂ ಮುಗಿದ ಮೇಲೆ ದೊಡ್ಡಮ್ಮನ ನೆನಪಾಗಿತ್ತು. ಮರಿ ಅಂತ ಎಲ್ಲರೂ ಕರೆಯುವ ಹದಿಮೂರರ ಹುಡುಗಿ ಅದು. ಚೆಂಡು ಕೂಡ ಇಷ್ಟು ಕೈ ಬದಲಾಯಿಸುವುದಿಲ್ಲ.

ಗಾಜಿನ ಪೆಟ್ಟಿಗೆ ಅಪ್ಪ ಕೊಡಿಸಿದ ಲಂಚ. ಹೊಸ ಮನೆಗೆ ಹೋಗುವಾಗ ಅಳದೆ ಹೋಗಲಿ ಅಂತ ದಾರಿಯಲ್ಲೇ ನಿಲ್ಲಿಸಿ ಕೊಂಡದ್ದು. ಒಳಗೆ ಹಳದಿ ಮೈಮೇಲೆ ಕಪ್ಪು ಚುಕ್ಕೆಯ ಒಂದು ಪ್ರಾಣಿ ಕಾಗದದ ಮೇಲೆ ಹೊಟ್ಟೆ ಊರಿ ಬಿದ್ದಿತ್ತು.

“ಹಲ್ಲಿ!” ಅಂದಳು ಬ್ಲೀಚಕ್ಕ.

“ಗೆಕ್ಕೊ, ದೊಡ್ಡಮ್ಮ.”

“ಗೆಕ್ಕೊ ಅಂದ್ರೂ ಹಲ್ಲೀನೇ.”

“ಇದು ಗೋಡೆ ಹತ್ತಲ್ಲ. ಇದಕ್ಕೆ ಕಣ್ಣಿಗೆ ರೆಪ್ಪೆ ಇದೆ.”

“ಗೋಡೆ ಹತ್ತಕ್ಕೂ ಬರದ ಹಲ್ಲೀನ ಅಂಗಡಿಯಿಂದ ತಂದ್ರಾ ನಿಮ್ಮಪ್ಪ!”

ಹುಡುಗಿ ನಗಲಿಲ್ಲ. ನಕ್ಕಾಳು ಅಂದುಕೊಂಡಿದ್ದ ಬ್ಲೀಚಕ್ಕನಿಗೆ ಅದಕ್ಕೂ ಸಿಟ್ಟು ಬಂತು.

ಸಿಟ್ಟು ಬಂದಾಗ ಅವಳು ಒಗೆಯುತ್ತಾಳೆ. ಹುಡುಗಿ ಸ್ನಾನಕ್ಕೆ ಹೋದಾಗ ಎರಡೂ ಚೀಲ ಬಿಚ್ಚಿ ಬಟ್ಟೆಯನ್ನೆಲ್ಲ ಹೊರಗೆ ಸುರಿದಳು. ಯಾರ್ಯಾರ ಮನೆಯ ಕೊಳೆಯೋ, ಯಾರ್ಯಾರ ಕಪಾಟಿನ ಮುಗ್ಗಲೋ! ಒಂದು ಚೀಲದ ತಳದಲ್ಲಿ ಪ್ಲಾಸ್ಟಿಕ್ ಕವರಿತ್ತು, ಬಾಯಿಗೆ ಗಂಟಿನ ಮೇಲೆ ಗಂಟು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತಂಗಿಯ ನೀಲಿ ಸ್ವೆಟರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕತ್ತಿನ ಪಟ್ಟಿ ಜಿಡ್ಡಾಗಿತ್ತು, ತೋಳಿನ ತುದಿ ಕಪ್ಪಾಗಿತ್ತು. ವರ್ಷದಿಂದ ಯಾರೂ ನೀರು ಮುಟ್ಟಿಸಿಲ್ಲ, ಯಾರಿಗೂ ಬೇಡವಾದ ಹಾಗೆ ತುರುಕಿದ್ದಾರೆ ಅಂತ ಹೊಟ್ಟೆ ಉರಿಯಿತು. ಅದನ್ನು ಯಂತ್ರಕ್ಕೆ ಹಾಕಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಾರೆ ಒತ್ತಿ ಒತ್ತಿ ಒಗೆದು, ಉಣ್ಣೆ ಹಿಗ್ಗದಿರಲಿ ಅಂತ ನೆರಳಿನಲ್ಲಿ ಟವೆಲಿನ ಮೇಲೆ ಹರಡಿದಳು. ತಂಗಿಗೆ ತಲೆ ಬಾಚುವಾಗಲೂ ಅವಳ ಕೈ ಅಷ್ಟು ಮೆತ್ತಗಿರಲಿಲ್ಲ.

ಹುಡುಗಿ ಸ್ನಾನ ಮುಗಿಸಿ ಬಂದು ಖಾಲಿ ಕವರು ನೋಡಿದಳು, ಬಾಲ್ಕನಿಗೆ ಹೋಗಿ ಸ್ವೆಟರು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಒಳ್ಳೆಯ ಮಾತು ಬೇಡವಾ, ಅಪ್ಪನ ಹಾಗೇ ಕಲ್ಲು ಅಂದುಕೊಂಡಳು ದೊಡ್ಡಮ್ಮ.

ಒಗೆದು ಮಡಚಿಟ್ಟ ಬಟ್ಟೆಯನ್ನು ಹುಡುಗಿ ಕಪಾಟಿಗೆ ಇಡಲಿಲ್ಲ. ವಾಪಸು ಚೀಲಕ್ಕೇ ತುಂಬಿದಳು. ಬೇಕಾದಾಗ ಒಂದು ಜೊತೆ ತೆಗೆದು, ಮತ್ತೆ ಜಿಪ್ ಎಳೆಯುತ್ತಿದ್ದಳು. ಛತ್ರದಲ್ಲಿ ತಂಗಿದವರು ಇರುತ್ತಾರಲ್ಲ, ಹಾಗೆ ಇದ್ದಳು.

ಹಲ್ಲಿ ತಿನ್ನಲಿಲ್ಲ. ಮೊದಮೊದಲು, ಹೊಸ ಜಾಗ, ನಾಳೆ ತಿಂದೀತು ಅಂದುಕೊಂಡರು. ನಾಳೆಯೂ ತಿನ್ನಲಿಲ್ಲ, ಅದರ ಮರುದಿನವೂ ತಿನ್ನಲಿಲ್ಲ. ಚಿಮಟದಲ್ಲಿ ಹುಳು ಹಿಡಿದು ಮೂತಿಯ ಮುಂದೆ ಆಡಿಸಿದರೆ, ಸಾಲಗಾರನನ್ನು ಕಂಡ ಹಾಗೆ ಮುಖ ತಿರುಗಿಸುತ್ತಿತ್ತು. ದಪ್ಪಗಿದ್ದ ಬಾಲ ಸಣ್ಣಗಾಗುತ್ತ ಬಂತು.

“ಬಾಲದಲ್ಲೇ ಅದು ಕೊಬ್ಬು ಇಟ್ಕೊಳ್ಳೋದು. ಅದು ಖಾಲಿ ಆದ್ರೆ ಮುಗೀತು,” ಅಂದಳು ಮರಿ.

“ಮುಗಿಯೋದೇನು, ತಿನ್ನುತ್ತೆ ಬಿಡು. ಹೆಸರೇನಿಟ್ಟಿದ್ದೀಯ?”

“ಇಟ್ಟಿಲ್ಲ.” ಆಮೇಲೆ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಇದು ಇಲ್ಲಿ ತಿಂದ್ರೆ ನಾನೂ ಇಲ್ಲಿರ್ತೀನಿ. ತಿನ್ನದೇ ಇದ್ರೆ ಹಾಸ್ಟೆಲ್‌ಗೆ ಹೋಗ್ತೀನಿ.”

“ಇದ್ಯಾವ ಲೆಕ್ಕ ಕಣೆ?”

“ನನ್ನ ಲೆಕ್ಕ. ಇಷ್ಟು ದಿನ ನೀವೆಲ್ಲ ನಿಮ್ಮ ಲೆಕ್ಕ ಹಾಕಿದ್ರಲ್ಲ.”

ತಂಗಿಯ ಕಡೆಯಿಂದ ಈ ಭೂಮಿಯ ಮೇಲೆ ಉಳಿದದ್ದು ಈ ಹುಡುಗಿ ಒಬ್ಬಳೇ. ಅವಳು ಇರುತ್ತಾಳೋ ಹೋಗುತ್ತಾಳೋ ಅನ್ನುವುದು ಈಗ ಒಂದು ಹಲ್ಲಿಯ ಹೊಟ್ಟೆಯಲ್ಲಿತ್ತು!

ಅಲ್ಲಿಂದ ಯುದ್ಧ ಶುರುವಾಯಿತು. ಬ್ಲೀಚಕ್ಕ ಮಿಡತೆ ತಂದಳು. ಡಬ್ಬಿಯ ಮುಚ್ಚಳ ಸಡಿಲವಾಗಿ ಅರ್ಧ ಮಿಡತೆಗಳು ಅಡುಗೆಮನೆ ಸೇರಿ, ಫ್ರಿಜ್ಜಿನ ಹಿಂದೆ ಸಂಸಾರ ಹೂಡಿ, ಕಿರ್ರೋ ಅಂತ ಹಾಡಿದವು. ಹಿಟ್ಟಿನ ಹುಳು ತಂದಳು. ದಪ್ಪ ಹುಳು, ಸಣ್ಣ ಹುಳು, ಕ್ಯಾಲ್ಸಿಯಂ ಪುಡಿ ಸವರಿದ ಹುಳು, ಪುಡಿ ಸವರದ ಹುಳು. “ಮಹಾರಾಯ, ಏನು ಬೇಕೋ ಬಾಯಿಬಿಟ್ಟು ಹೇಳು” ಅಂತ ಗಾಜು ಕುಟ್ಟಿ ಬೈದಳು.

ಇನ್ನೊಂದು ಕೆಲಸವನ್ನಂತೂ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗಲೀಜಿನಲ್ಲಿ ಯಾರು ತಾನೆ ತಿನ್ನುತ್ತಾರೆ? ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹಲ್ಲಿಯನ್ನು ಬಕೆಟ್ಟಿಗೆ ಹಾಕಿ, ಪೆಟ್ಟಿಗೆಯನ್ನು ಬಿಸಿನೀರು, ಸೋಪು, ಎರಡು ಹನಿ ಬ್ಲೀಚು ಹಾಕಿ ಉಜ್ಜುತ್ತಿದ್ದಳು. ಅದು ಅಡಗಿ ಕೂರುವ ಮಣ್ಣಿನ ಗೂಡನ್ನು ಬ್ರಷ್ ಹಾಕಿ ತಿಕ್ಕುತ್ತಿದ್ದಳು. ಹೊಸ ಕಾಗದ ಹಾಸಿ, ನೀರಿನ ಬಟ್ಟಲು ಫಳಫಳ ಹೊಳೆಯಿಸಿ, ಹಲ್ಲಿಯನ್ನು ವಾಪಸು ಬಿಟ್ಟರೆ ಅದು ನಾಲಗೆ ಚಾಚಿ ಮೂಲೆ ಮೂಲೆ ನೆಕ್ಕಿ ನೋಡಿ, ಗೂಡಿನ ಹಿಂದೆ ಸೇರಿ ಸತ್ತಂತೆ ಬೀಳುತ್ತಿತ್ತು. ಇಷ್ಟು ಚೊಕ್ಕಟ ಮಾಡಿಕೊಟ್ಟರೂ ಈ ಸೊಕ್ಕೇ ಅಂತ ಅವಳು ಹಲ್ಲು ಕಡಿಯುತ್ತಿದ್ದಳು.

ಲಾಂಡ್ರಿಯಲ್ಲಿ ದೊಡ್ಡ ಹಾಸುಗಳನ್ನು ಮಡಚಲು ಇಬ್ಬರು ಬೇಕು. ಬ್ಲೀಚಕ್ಕನ ಎದುರು ತುದಿ ಹಿಡಿಯುವ ಜೊತೆಗಾತಿ ಮಾತಿನಮಲ್ಲಿ.

“ಹಲ್ಲಿಗೂ ನಿನ್ನ ಕಂಡ್ರೆ ಭಯ ಕಣೆ. ತಿಂದ್ರೆ ಬಾಯಿ ಒರೆಸ್ತೀಯ ಅಂತ,” ಅಂದಳು.

“ತುದಿ ಸರಿಯಾಗಿ ಹಿಡಿ.”

“ಹುಡುಗಿ ಹೇಗಿದಾಳೆ?”

“ಹೇಗಿರ್ತಾಳೆ? ಹೊತ್ತುಹೊತ್ತಿಗೆ ಬಿಸಿಬಿಸಿ ಊಟ, ಇಸ್ತ್ರಿ ಬಟ್ಟೆ, ಶುಭ್ರ ಹಾಸಿಗೆ. ಬಾಯಿ ಮಾತ್ರ ಬಿಡಲ್ಲ. ಏನು ಕಡಿಮೆ ಮಾಡಿದ್ದೀನಿ ನಾನು?”

ಅವಳು ಹಾಸನ್ನು ಎಷ್ಟು ಜೋರಾಗಿ ಎಳೆದಳೆಂದರೆ ಜೊತೆಗಾತಿ ಮುಗ್ಗರಿಸಿ ಎರಡು ಹೆಜ್ಜೆ ಮುಂದೆ ಬಂದಳು.

ಆ ಸಂಜೆಯೇ ತಂಗಿಯ ಗಂಡನ ಫೋನು ಬಂತು. ಹಿಂದೆ ಯಾರೋ ನಗುತ್ತಿದ್ದರು, ತಟ್ಟೆ ಚಮಚಗಳ ಸದ್ದಿತ್ತು.

“ಇನ್ನೂ ತಿಂದಿಲ್ವಾ? ಬಿಡಿ ಅಕ್ಕಾ, ಅದನ್ನ ಎಲ್ಲಾದ್ರೂ ಹೊರಗೆ ಬಿಟ್ಬಿಡಿ. ಇನ್ನೊಂದು ಕೊಡಿಸಿದ್ರಾಯ್ತು. ಅಂದ ಹಾಗೆ ಹಾಸ್ಟೆಲ್‌ನವರ ಹತ್ರ ಮಾತಾಡಿದ್ದೀನಿ. ಭಾನುವಾರ ಬರ್ತೀನಿ, ಸಾಮಾನು ಕಟ್ಟಿಡೋಕೆ ಹೇಳಿ.”

“ಸಾಮಾನು ಬಿಚ್ಚೇ ಇಲ್ಲ ಅವಳು,” ಅಂದಳು ಬ್ಲೀಚಕ್ಕ.

“ಅಯ್ಯೋ, ಅನುಕೂಲವೇ ಆಯ್ತಲ್ಲ,” ಅಂದ ಆ ಪುಣ್ಯಾತ್ಮ.

ಅವಳು ಫೋನು ಕುಕ್ಕಿದಳು. ಅನುಕೂಲವಂತೆ! ತಂಗಿ ಕಾಯಿಲೆ ಬಿದ್ದು ಮಲಗಿದಾಗಲೂ ಇವನು ಹೀಗೆಯೇ ಫೋನಿನಲ್ಲಿ ಸಂಸಾರ ಮಾಡಿದವನು. ಒಂದನ್ನು ಬಿಟ್ಟು ಇನ್ನೊಂದು ಕೊಡಿಸುವುದು, ಒಂದು ಮನೆ ಬಿಡಿಸಿ ಇನ್ನೊಂದಕ್ಕೆ ಹಾಕುವುದು, ಇದು ಬಿಟ್ಟರೆ ಇವನಿಗೆ ಬೇರೆ ವಿದ್ಯೆ ಬರುವುದಿಲ್ಲ.

ಮಾರನೆಯ ದಿನ ರಜೆ ಹಾಕಿದಳು. ಹುಡುಗಿಗೆ ಹೇಳದೆಯೇ ಪೆಟ್ಟಿಗೆಗೆ ಟವೆಲ್ ಸುತ್ತಿ, ಎರಡು ಬಸ್ಸು ಬದಲಾಯಿಸಿ, ಹುಳು ಮಾರುವ ಸಾಕುಪ್ರಾಣಿ ಅಂಗಡಿಗೆ ಹೋದಳು. ಅಂಗಡಿಯಾಕೆ ಮೀನಿನ ತೊಟ್ಟಿಗೆ ಕೈ ಹಾಕಿಕೊಂಡು ನಿಂತಿದ್ದಳು. ಕೈ ಒರೆಸಿಕೊಂಡು ಪೆಟ್ಟಿಗೆಯ ಮುಚ್ಚಳ ತೆಗೆದವಳೇ ತಲೆ ಹಿಂದಕ್ಕೆ ಎಳೆದುಕೊಂಡಳು.

“ಏನ್ರೀ ಇದು, ಆಸ್ಪತ್ರೆ ವಾಸನೆ!”

“ದಿನಾ ತೊಳೀತೀನಿ,” ಅಂದಳು ಬ್ಲೀಚಕ್ಕ, ಹೊಗಳಿಕೆ ಸಿಕ್ಕವಳ ಹಾಗೆ.

“ದಿನಾ? ಪೂರ್ತಿ? ಗೂಡನ್ನೂ?”

“ಎಲ್ಲಾ. ಇಲ್ಲಾಂದ್ರೆ ನಾತ ಬರಲ್ವಾ?”

“ಬರ್ಲಿ ಬಿಡ್ರಿ! ಅದಕ್ಕೆ ಬೇಕಾಗಿರೋದೇ ಅದು. ನೆಲ ನೆಕ್ಕಿ, ವಾಸನೆ ನೋಡಿ, ಇದು ನನ್ನ ಜಾಗ ಅಂತ ಅದು ಗುರುತು ಹಿಡಿಯೋದು. ನೀವು ದಿನಾ ಬೆಳಗ್ಗೆ ಅದರ ವಾಸನೆ ಒರೆಸಿ ಹಾಕ್ತಿದ್ದೀರ. ಅದರ ಪಾಲಿಗೆ ದಿನಾ ಹೊಸ ಮನೆ, ದಿನಾ ಹೊಸ ಊರು. ಎಲ್ಲಿದ್ದೀನಿ ಅಂತಾನೇ ಗೊತ್ತಿಲ್ಲದಿದ್ರೆ ಹೇಗೆ ತಿನ್ನುತ್ತೆ?”

“ಹಾಗಂತ ಗಲೀಜಲ್ಲಿ ಬಿಡೋಕಾಗುತ್ತಾ?”

“ಹೊಲಸು ಮಾಡಿದ್ರೆ ಅಷ್ಟು ಮಾತ್ರ ತೆಗೀರಿ. ಸೋಪು ಮುಟ್ಟಿಸಬೇಡಿ, ಮೇಲೆ ಬಟ್ಟೆ ಮುಚ್ಚಿ, ಹುಳು ಇಟ್ಟು, ನಿಮ್ಮ ಪಾಡಿಗೆ ನೀವಿರಿ. ಇಷ್ಟು ಚೊಕ್ಕಟ ಮಾಡಿ ಪಾಪ ಅದನ್ನ ಸಾಯಿಸ್ತಿದ್ದೀರಲ್ರೀ.”

ಬ್ಲೀಚಕ್ಕನಿಗೆ ಮೈಯೆಲ್ಲ ಉರಿಯಿತು. ಮೀನಿನ ನೀರಲ್ಲಿ ಅದ್ದಿದ ಕೈಯವಳು ತನಗೆ ಚೊಕ್ಕಟದ ಪಾಠ ಹೇಳುವುದೇ! ಮುಚ್ಚಳ ಜಡಿದು ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಅಂಗಡಿಯಾಕೆಯ ಮಾತನ್ನು ಬಾಯಲ್ಲೇ ಹೀಯಾಳಿಸುತ್ತ ಆಡಿಕೊಂಡಳು. ವಾಸನೆ ಒರೆಸಿ ಹಾಕ್ತಿದ್ದೀರಂತೆ. ವಾಸನೆ ನೋಡಿ ಗುರುತು ಹಿಡಿಯುತ್ತಂತೆ.

ಅಷ್ಟರಲ್ಲಿ ಕವರಿನ ಗಂಟು ನೆನಪಾಯಿತು.

ಬೇಡವಾದದ್ದನ್ನು ಯಾರೂ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಡುವುದಿಲ್ಲ. ಒಳಗಿದ್ದದ್ದು ಹೊರಗೆ ಹೋಗಬಾರದು ಅಂತ ಕಟ್ಟಿದ ಗಂಟು ಅದು. ಎಷ್ಟೋ ಮನೆ ಬದಲಾದರೂ ಹುಡುಗಿ ಆ ಸ್ವೆಟರಿಗೆ ನೀರು ಮುಟ್ಟಿಸಿರಲಿಲ್ಲ. ಆಗಾಗ ಗಂಟು ಬಿಚ್ಚಿ, ಮೂಗು ಇಟ್ಟು, ಮತ್ತೆ ಬಿಗಿದು ಕಟ್ಟುತ್ತಿದ್ದಿರಬೇಕು. ಜಿಡ್ಡು ಹಿಡಿದಿದ್ದ ಆ ಕತ್ತಿನ ಪಟ್ಟಿಯಲ್ಲಿ ಅವಳ ಅಮ್ಮ ಇದ್ದಳು. ಬ್ಲೀಚಕ್ಕನ ತಂಗಿಯೂ ಅಲ್ಲೇ ಇದ್ದಳು. ಉಗುರುಬೆಚ್ಚಗಿನ ನೀರಿನಲ್ಲಿ, ಕೈಯಾರೆ, ಅಷ್ಟು ಪ್ರೀತಿಯಿಂದ, ಒಂದು ಚೂರೂ ಉಳಿಯದ ಹಾಗೆ ಅವಳೇ ತೆಗೆದು ಬಚ್ಚಲಿಗೆ ಹರಿಸಿದ್ದಳು. ಒಂದು ಸಲ ಮೂಸಿಯೂ ನೋಡಿರಲಿಲ್ಲ.

ಬಸ್ಸು ಬಂತು, ಹೋಯಿತು. ಇನ್ನೊಂದೂ ಬಂದು ಹೋಯಿತು. ಅವಳು ಟವೆಲಿನ ಮೇಲೆ ಮುಖ ಇಟ್ಟು ಬಿಕ್ಕಳಿಸಿದಳು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಇಷ್ಟು ದಿನ ತಂಗಿಯ ಗಂಡನ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಎರಡು ಕೈಗಳ ಮೇಲೆ ಬಿತ್ತು.

ಮನೆಗೆ ಬಂದಾಗ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮುಖ ಬಿಳಿಚಿತ್ತು.

“ಎಲ್ಲಿಗೆ ತಗೊಂಡು ಹೋದೆ? ಬಿಸಾಕಿದ್ಯಾ?”

“ಇಲ್ಲಿದೆ ನೋಡು, ಜೀವಂತ ಇದೆ.” ಪೆಟ್ಟಿಗೆ ಕೆಳಗಿಟ್ಟು, ಬ್ಲೀಚಕ್ಕ ನಿಂತಲ್ಲೇ ಹೇಳಿದಳು: “ಮರಿ, ಆ ಸ್ವೆಟರು. ನಾನು ಒಗೀಬಾರದಿತ್ತು. ಅಮ್ಮನ ವಾಸನೆ ಇತ್ತಲ್ವಾ ಅದರಲ್ಲಿ?”

ಹುಡುಗಿಯ ಕಟ್ಟೆ ಒಡೆಯಿತು.

“ಇತ್ತು! ಕೊನೇದು ಅದೊಂದೇ ಇತ್ತು! ಅಜ್ಜಿ ಮುಟ್ಟಿರ್ಲಿಲ್ಲ, ಚಿಕ್ಕಪ್ಪನ ಮನೇಲಿ ಯಾರೂ ಮುಟ್ಟಿರ್ಲಿಲ್ಲ. ನೀನು, ನಾನು ಬಂದ ದಿನಾನೇ ತೊಳೆದುಬಿಟ್ಟೆ! ಯಾರು ಕೇಳಿದ್ರು ನಿನ್ನ? ಎಲ್ಲಾ ತೊಳೀತೀಯ! ನಾನು ಕೂತಿದ್ದ ಜಾಗಾನೂ ಒರೆಸ್ತೀಯ! ನಾನು ಇಲ್ಲಿದ್ದೀನೋ ಇಲ್ವೋ ಅಂತಾನೇ ಗೊತ್ತಾಗಲ್ಲ ನಂಗೆ!”

ಕೈಗೆ ಸಿಕ್ಕಿದ ದಿಂಬು ಎಸೆದಳು, ಚಪ್ಪಲಿ ಎಸೆದಳು, ಹುಳುವಿನ ಡಬ್ಬಿಯನ್ನೂ ಎಸೆದಳು. ಉಜ್ಜಿ ಹೊಳೆಯಿಸಿದ ನೆಲದ ತುಂಬ ಹುಳುಗಳು ಚೆಲ್ಲಿ ದಿಕ್ಕಾಪಾಲಾದವು. ಬ್ಲೀಚಕ್ಕ ಬಗ್ಗಲಿಲ್ಲ, ಪೊರಕೆ ಹುಡುಕಲಿಲ್ಲ.

“ಬೈಯಿ. ಇನ್ನೂ ಬೈಯಿ,” ಅಂದಳು.

ಹುಡುಗಿ ಗಂಟಲು ಕಟ್ಟುವವರೆಗೆ ಬೈದಳು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು, ಮೂಗು ಸೊರಗುಟ್ಟಿಸುತ್ತ, ಹುಳು ಹೆಕ್ಕಿದರು. ಸಿಕ್ಕಷ್ಟನ್ನು ಬಟ್ಟಲಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟು, ಹಳೆಯ ಬೆಡ್‌ಶೀಟು ಮುಚ್ಚಿದರು. ಅಂಗಡಿಯಾಕೆ ಹೇಳಿದ್ದನ್ನೆಲ್ಲ ಬ್ಲೀಚಕ್ಕ ಒಪ್ಪಿಸಿದಳು. ಹುಡುಗಿ ಕೇಳಿದಳು, ಆದರೆ ಇರುತ್ತೀನಿ ಅನ್ನಲಿಲ್ಲ, ಚೀಲದ ಜಿಪ್ಪನ್ನೂ ತೆಗೆಯಲಿಲ್ಲ.

ಆಮೇಲಿನ ದಿನಗಳು ಬ್ಲೀಚಕ್ಕನಿಗೆ ನರಕ. ಬೆಳಗಾದರೆ ಕೈ ತಾನಾಗಿ ಬ್ರಷ್ ಹುಡುಕುತ್ತಿತ್ತು. ಪೆಟ್ಟಿಗೆಯ ಗಾಜು ಮಸುಕಾಗುತ್ತ ಬಂತು, ಕೋಣೆಯಲ್ಲಿ ಒಂದು ತರಹದ ಕಮಟು ವಾಸನೆ ಏಳತೊಡಗಿತು. ಸೋಫಾದ ಕವರಿನ ಮೇಲೆ ಹುಡುಗಿ ಕೂತ ಜಾಗ ಗುಂಡಿಬಿದ್ದು ಹಾಗೇ ಉಳಿಯಿತು. ಬ್ಲೀಚಕ್ಕ ಹಲ್ಲು ಕಚ್ಚಿ, ಗೊಣಗಿ, ಸಿಟ್ಟನ್ನೆಲ್ಲ ಲಾಂಡ್ರಿಯ ಹಾಸುಗಳ ಮೇಲೆ ತೀರಿಸಿಕೊಂಡಳು. ಒಂದು ಸಂಜೆ ಬಂದು ನೋಡಿದರೆ ಹುಡುಗಿ ಆ ನೀಲಿ ಸ್ವೆಟರು ಹಾಕಿಕೊಂಡು ಕೂತಿದ್ದಳು.

ಭಾನುವಾರ ಅವನು ಬಂದ. ಈ ಸಲ ಒಳಗೆ ಬಂದ, ಮೂಗು ಸಿಂಡರಿಸಿದ.

“ಏನಕ್ಕಾ ಇದು, ನಿಮ್ಮ ಮನೇಲಿ ವಾಸನೆ?”

“ಮನುಷ್ಯರಿರೋ ಮನೆ,” ಅಂದಳು ಬ್ಲೀಚಕ್ಕ.

“ಸರಿ. ಹೊರಡೋಣ ಮರಿ, ಚೀಲ ತಗೋ. ಆ ಪ್ರಾಣಿ ಬದುಕಿದ್ರೆ ತಗೋ, ಇಲ್ಲಾಂದ್ರೆ ಬಿಡು.”

ಹುಡುಗಿ ಅಪ್ಪನ ಮುಖ ನೋಡಲಿಲ್ಲ. ಪೆಟ್ಟಿಗೆಯ ಹತ್ತಿರ ಹೋಗಿ ಮಂಡಿಯೂರಿ ಬೆಡ್‌ಶೀಟು ಎತ್ತಿದಳು. ಹಲ್ಲಿ ಗೂಡಿನಿಂದ ತಲೆ ಮಾತ್ರ ಹೊರಗೆ ಹಾಕಿ ಕೂತಿತ್ತು. ಬಟ್ಟಲಲ್ಲಿ ಹುಳುಗಳಿದ್ದವು, ಕಾಗದದ ಅಡಿಗೂ ಕೆಲವು ಹರಿದಾಡುತ್ತಿದ್ದವು. ಕಡಿಮೆಯಾಗಿವೆಯೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಹುಡುಗಿ ದೂರದ ಮೂಲೆಗೆ ಬಗ್ಗಿ ನೋಡಿದಳು, ಕಿರುಚಿದಳು.

“ದೊಡ್ಡಮ್ಮಾ! ಕಕ್ಕ ಮಾಡಿದೆ!”

ಬ್ಲೀಚಕ್ಕ ಓಡಿಬಂದು ಗಾಜಿಗೆ ಮೂಗು ಒತ್ತಿದಳು. ಮೂಲೆಯ ಕಾಗದದ ಮೇಲೆ ಕಪ್ಪಗೆ ಒಂದು ತುಣುಕು, ತುದಿಯಲ್ಲಿ ಬೆಳ್ಳಗೆ ಒಂದು ಚುಕ್ಕೆ. ಪಕ್ಕದಲ್ಲಿ ಸ್ವಲ್ಪ ಒಣಗಿದ ಇನ್ನೊಂದು. ಜೀವಮಾನದಲ್ಲಿ ಅವಳು ನೋಡಿದ ಕಲೆಗಳಿಗೆ ಲೆಕ್ಕವಿಲ್ಲ, ಆದರೆ ಕಲೆ ನೋಡಿ ಕಣ್ಣು ತುಂಬಿಕೊಂಡದ್ದು ಅದೇ ಮೊದಲು.

“ತಿಂದಿದೆ ಕಣೆ! ತಿನ್ನದೆ ಇದು ಎಲ್ಲಿಂದ ಬರುತ್ತೆ?”

“ಥೂ,” ಅಂದ ಅವನು ಹಿಂದಿನಿಂದ. “ಅದನ್ನ ಮೊದಲು ತೊಳೀರಿ ಅಕ್ಕಾ. ತನ್ನಿ ಇಲ್ಲಿ, ನಾನೇ ಹೊರಗಿಡ್ತೀನಿ.”

ಅವನು ಪೆಟ್ಟಿಗೆಗೆ ಕೈ ಹಾಕಿದ.

“ಮುಟ್ಟಬೇಡ,” ಅಂದಳು ಬ್ಲೀಚಕ್ಕ.

ಇಷ್ಟು ವರ್ಷದ ಬಹುವಚನ ಒಂದೇ ಮಾತಿಗೆ ಕಳಚಿ ಬಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಪೆಟ್ಟಿಗೆ ಮುಟ್ಟಬೇಡ, ಹುಡುಗೀನೂ ಮುಟ್ಟಬೇಡ. ಒಂದು ಕಡೆ ನೆಲೆ ನಿಲ್ಲೋ ಹೊತ್ತಿಗೆ ಎತ್ಕೊಂಡು ಇನ್ನೊಂದು ಕಡೆ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ನಾನೂ ಅದನ್ನೇ ಮಾಡ್ತಿದ್ದೆ ಈ ಹಲ್ಲಿಗೆ. ನನಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡ್ದೆ.”

“ಇದೇನು ಮಾತು ಅಂತ ಆಡ್ತಿದ್ದೀರ?” ಅಂದ ಅವನು. ಮಗಳ ಕಡೆ ತಿರುಗಿ, “ನೀನು ಹೇಳು. ಏನಂತೀಯ?” ಅಂದ.

ಅಷ್ಟು ಮನೆ ದಾಟಿ ಬಂದ ಹುಡುಗಿಯನ್ನು ಅವನು ಹೀಗೆ ಕೇಳಿದ್ದು ಅದೇ ಮೊದಲ ಸಲ. ಹುಡುಗಿ ಎದ್ದಳು. ಗೋಡೆಗೆ ಒರಗಿಸಿದ್ದ ಚೀಲದ ಜಿಪ್ಪು ತುದಿಯವರೆಗೆ ಎಳೆದು, ಎರಡೂ ಕೈಯಲ್ಲಿ ಎತ್ತಿ, ತಲೆಕೆಳಗೆ ಮಾಡಿ ಕೊಡವಿದಳು. ಇನ್ನೊಂದನ್ನೂ ಹಾಗೇ ಕೊಡವಿದಳು. ಬಟ್ಟೆ, ಪುಸ್ತಕ, ಬಾಚಣಿಗೆ, ಒಂಟಿ ಸಾಕ್ಸು, ಎಲ್ಲ ನಡುಮನೆಯ ನೆಲದ ಮೇಲೆ ರಾಶಿ ಬಿತ್ತು. ಖಾಲಿ ಚೀಲಗಳನ್ನು ಅಪ್ಪನ ಕೈಗೆ ಕೊಟ್ಟಳು.

ಅವನು ಎರಡು ಖಾಲಿ ಚೀಲ ಹಿಡಿದುಕೊಂಡು ಮೆಟ್ಟಿಲು ಇಳಿದ. ಕಾರಿನ ಸದ್ದು ತಿರುವು ದಾಟುವವರೆಗೂ ಬ್ಲೀಚಕ್ಕ ಬಾಗಿಲು ಹಿಡಿದು ನಿಂತಿದ್ದಳು. ತಿರುಗಿ ನೋಡಿದರೆ, ಹುಡುಗಿ ಪೆಟ್ಟಿಗೆಯ ಮುಂದೆ ಬೋರಲು ಮಲಗಿ ಹಲ್ಲಿಯನ್ನೇ ನೋಡುತ್ತಿದ್ದಳು. ಸ್ವೆಟರಿನ ಕತ್ತಿನ ಪಟ್ಟಿ ಆಗಲೇ ಸ್ವಲ್ಪ ಜಿಡ್ಡಾಗಿತ್ತು, ತೋಳಿಗೆ ಸಾರಿನ ಕಲೆ ಹತ್ತಿತ್ತು.

ಬ್ಲೀಚಕ್ಕನ ಕೈ ತುರಿಸಿತು. ಸಾರಿನ ಕಲೆ ಹೊಸದಿರುವಾಗಲೇ ನೀರು ಕಾಣದಿದ್ದರೆ ಆಮೇಲೆ ಹೋಗುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರಾಶಿಯನ್ನು ದಾಟಿ ಹೋಗಿ, ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು.